ಅಂಚೆಚೀಟಿಯ ಗೊಂಬೆ ದಂಪತಿ

ಹೆಂಡತಿ ಊರಿಗೆ ಹೋದರೆ ಗಂಡನಿಗೆ ಸ್ವಾತಂತ್ರ್ಯ ಬರುತ್ತದೆ ಎನ್ನುವವರ ಹೆಂಡತಿಯರು ಎಂಟೇ ದಿನದಲ್ಲಿ ಮರಳಿರುತ್ತಾರೆ. ನನ್ನವಳು ಮಂಗಳೂರಿನ ಮಗಳ ಎರಡನೆಯ ಬಾಣಂತನಕ್ಕೆಂದು ಹೋದವಳು, ಬಾಣಂತನ ಮುಗಿದು ಕೂಸು ಅಂಬೆಗಾಲಿಟ್ಟರೂ ಅಲ್ಲೇ ಇದ್ದಾಳೆ. ದಿಲ್ಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ನಾನು ಮತ್ತು ನನ್ನ ಆಫೀಸಿನ ಊಟದ ಡಬ್ಬಿ, ಇಬ್ಬರೇ. ತರಕಾರಿ ಭಯ್ಯಾ ಕೂಡ "ಆಂಟೀಜಿ ಕಬ್ ಆಯೇಂಗಿ?" ಎಂದು ಅವಳು ಬರುವ ದಿನ ಕೇಳುತ್ತಾನೆ. ಚೌಕಾಸಿಯೇ ಇಲ್ಲದ ವ್ಯಾಪಾರ ಅವನಿಗೂ ಬೇಸರ ತಂದಿದೆ. ಫೋನಿನಲ್ಲಿ "ಬಾ" ಎನ್ನಬಹುದಿತ್ತು. ಆದರೆ ಇಡೀ ಸಂಸಾರದಲ್ಲಿ ಅಂಥ ಮಾತು ಆಡಿ ಗೊತ್ತಿಲ್ಲದವನು ನಾನು. ಅವಳು ಕೇಳುತ್ತಾಳೆ, ನಾನು ಎಲ್ಲ ಸರಿಯಿದೆ ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಯಾವುದೋ ಸ್ಪೀಡ್ ಪೋಸ್ಟಿಗೆಂದು ಅಂಚೆ ಕಚೇರಿಗೆ ಹೋದೆ. ಕೌಂಟರಿನ ಮೇಡಂ ಗೊಂಬೆಗಳ ಹೊಸ ಅಂಚೆಚೀಟಿ ತೋರಿಸಿದರು. ರಾಜಸ್ಥಾನದ ಸೂತ್ರದ ಗೊಂಬೆಗಳ ಪಕ್ಕದಲ್ಲಿ ನಮ್ಮ ತೊಗಲುಗೊಂಬೆಯ ಹಾಸ್ಯದ ಗಂಡಹೆಂಡತಿ! ಚಿಕ್ಕಂದಿನಲ್ಲಿ ರಾಮ ರಾವಣರ ಯುದ್ಧವನ್ನು ಅರ್ಧಕ್ಕೆ ನಿಲ್ಲಿಸಿ ಈ ಜೋಡಿ ಪರದೆಯ ಮೇಲೆ ಬಂದು ಜಗಳವಾಡುತ್ತಿತ್ತು. ನಮಗೆ ರಾಮನಿಗಿಂತ ಇವರೇ ಬೇಕು. ಅವಳು ಬೈಯುತ್ತಾಳೆ, ಅವನು ಮೀಸೆಯಡಿ ನಗುತ್ತಾನೆ. ಇಲಾಖೆ ಇಬ್ಬರನ್ನೂ ಬೇರೆ ಬೇರೆ ಚೀಟಿಯಲ್ಲಿ ಅಚ್ಚು ಹಾಕಿ, ನಡುವೆ ತೂತಿನ ಸಾಲು ಬಿಟ್ಟು ಒಟ್ಟಿಗೇ ಜೋಡಿಸಿತ್ತು.

ನನಗೆ ಉಪಾಯ ಹೊಳೆಯಿತು. ಹೆಂಡತಿಗೆ ಕಾಗದ ಬರೆದೆ. ಅದರಲ್ಲಿ ದಿಲ್ಲಿಯ ಹೊಗೆ, ಸೊಸೈಟಿಯ ಲಿಫ್ಟು, ಸೋರೆಕಾಯಿ ಎಲ್ಲ ಬಂತು, "ಬಾ" ಮಾತ್ರ ಬರಲಿಲ್ಲ. ಅದನ್ನು ಗೊಂಬೆಗಳು ಹೇಳಲಿ ಎಂದು ಜೋಡಿ ಬಿಡಿಸದೆ ಅಂಟಿಸಿದೆ. ಒಂದೇ ಸಾಕು ಎಂದು ಮೇಡಂ ಹೇಳಿದರೂ ಕೇಳಲಿಲ್ಲ.

ವಾರದ ಮೇಲೆ ಇವಳ ಫೋನು ಬಂತು. "ನಿಮ್ಮ ಕಾಗದ ಬಂತು. ಒಂದು ಸ್ಟ್ಯಾಂಪ್ ಸಾಕಾಗ್ತಿತ್ತಲ್ಲ, ಎರಡು ಯಾಕೆ ಅಂಟಿಸಿದ್ರಿ?"

ಕಾಯುತ್ತಿದ್ದ ಪ್ರಶ್ನೆಯೇ ಅದು.

"ಕೌಂಟರಿನಲ್ಲಿ ಹಾಗೇ ಕೊಟ್ಟರು" ಎಂದೆ.

ಆಕೆ ಮೊಸರಿಗೆ ಹೆಪ್ಪು ಹಾಕಿದ್ದೀರಾ ಎಂದು ವಿಚಾರಿಸಿ ಫೋನಿಟ್ಟಳು.

ಆಮೇಲೆ ಒಂದು ಲಕೋಟೆ ಬಂತು. ಅಂಚೆಚೀಟಿ ಕೂಡಿಡುವ ದೊಡ್ಡ ಮೊಮ್ಮಗಳು ನನ್ನ ಜೋಡಿಯನ್ನು ನೀರಿನಲ್ಲಿ ನೆನೆಸಿ ಕಿತ್ತು, ನಡುವೆ ಹರಿದು, ಗಂಡನನ್ನು ಮಾತ್ರ ವಾಪಸು ಕಳಿಸಿದ್ದಳು. ಜೊತೆಗೊಂದು ಚೂರು ಕಾಗದ: "ಅಜ್ಜಿ ಇಲ್ಲಿ ಇದ್ದಾಳೆ. ಅದಕ್ಕೆ ಅಜ್ಜಿ ಗೊಂಬೆ ನಂಗೆ, ಅಜ್ಜ ಗೊಂಬೆ ನಿಂಗೆ."

ಅವನನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮುಖದ ಮೇಲೆ ಅಂಚೆಯ ಕಪ್ಪು ಮುದ್ರೆ, ಒಂದು ಬದಿ ಹರಿದ ಅಂಚು. ಬೈಯುವವರಿಲ್ಲದೆ ಇವನು ಯಾರಿಗೆ ನಗುತ್ತಿದ್ದಾನೆ ಎಂದು ನೋಡುತ್ತ ನಿಂತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿತು. "ಕಣ್ಣು ಎಲ್ಲಿಟ್ಟಿದ್ರಿ?" ಎಂದು ಇವಳ ಧಾಟಿಯಲ್ಲೇ ಅವನನ್ನು ಗದರಿದೆ. ಅವನು ನಗುತ್ತಲೇ ಇದ್ದ. ಕಟ್ಟೆ ಒರೆಸಿದವನು ನಾನು.