ಕೆಂಚನ ಬಾಯಿಯ ಅಳತೆ

ಕೊಳ್ಳೇಗಾಲದಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಮದುಮಗನ ಕೋಟಿನಿಂದ ಹಿಡಿದು ದಿಂಬಿನ ಚೀಲದವರೆಗೆ ನನ್ನ ಕತ್ತರಿಗೆ ಬಗ್ಗದ ಬಟ್ಟೆಯಿಲ್ಲ! ಹೀಗಿರುವಾಗ ಒಂದು ನಾಯಿಯ ಬಾಯಿ ಯಾವ ಮಹಾ? ಅಂಗಡಿಯಿಂದ ಬಾಯಿಕುಕ್ಕೆ ಕೊಂಡು ತರುವುದು ನನ್ನ ಕಸುಬಿಗೇ ಅವಮಾನ. ನಾನೇ ಹೊಲಿಯುತ್ತೇನೆ ಎಂದು ಘೋಷಿಸಿಬಿಟ್ಟೆ.

ಘೋಷಣೆಗೆ ಕಾರಣ ನಗರಸಭೆಯ ನೋಟಿಸು. ನಮ್ಮ ಕೆಂಚ ಬೊಗಳಿದ ಅಬ್ಬರಕ್ಕೆ ಎದುರುಮನೆ ಪುಟ್ಟಮಲ್ಲಮ್ಮ ಹಾಲಿನ ಚೊಂಬಿನ ಸಮೇತ ಚರಂಡಿಗೆ ಬಿದ್ದು, ಎದ್ದವರೇ ದೂರು ಕೊಟ್ಟಿದ್ದರು. ಏಳು ದಿನದೊಳಗೆ ನಾಯಿಗೆ ಬಾಯಿಕುಕ್ಕೆ ಹಾಕಿ ಲೈಸೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಅಪಾಯಕಾರಿ ನಾಯಿ ಎಂದು ಹಿಡಿದುಕೊಂಡು ಹೋಗುತ್ತಾರಂತೆ.

ಕೆಂಚ ನನ್ನ ಹೆಂಡತಿ ಪ್ರೇಮಾ ತವರುಮನೆ ಗೋಪಿನಾಥಂನಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ.

"ಕೆಂಚನ್ನ ಇಡ್ಕಂಡು ಓದ್ರೆ ನಾನೂ ತವರಿಗೆ ಓಯ್ತೀನಿ, ಅಷ್ಟೇಯ" ಎಂದಳು.

"ಅಲ್ಲಿಗೆ ಸರಿಯಾಗಿ ಬಸ್ಸೇ ಇಲ್ವಲ್ಲೇ!"

"ನಡ್ಕಂಡೇ ಓಯ್ತೀನಿ. ಮುದ್ದೆ ನೀವೇ ತಿರುವ್ಕಳಿ."

ನಾನು ತಿರುವಿದ ಮುದ್ದೆಯನ್ನು ಕೆಂಚನೂ ಮೂಸುವುದಿಲ್ಲ!

ಅಳತೆ ತೆಗೆಯಲು ಕೂತೆ. ಕೆಂಚ ಟೇಪನ್ನು ಹದಿನೆಂಟನೇ ಇಂಚಿನವರೆಗೆ ನುಂಗಿದ. ಪ್ರೇಮಾ ಅವನನ್ನು ಹಿಡಿದುಕೊಂಡಳು, ನಾನು ಟೇಪು ಎಳೆದೆ. ಹೊರಬಂದ ಟೇಪಿನಲ್ಲಿ ಅಂಕಿಗಳೇ ಇರಲಿಲ್ಲ. ಕೊನೆಗೆ ಕಣ್ಣಳತೆಯಲ್ಲೇ ಹೊಲಿದೆ. ಹೊರಗೆ ಜೀನ್ಸು, ಒಳಗೆ ಕೆಂಪು ರೇಷ್ಮೆಯ ಲೈನಿಂಗು, ಅಂಚಿಗೆ ಪೈಪಿಂಗು, ಗಾಳಿಯಾಡಲು ಎಂಟು ಕಾಜಾ!

ಏಳನೇ ದಿನ ನಗರಸಭೆಯ ಇನ್ಸ್‌ಪೆಕ್ಟರ್ ಮಹದೇವಸ್ವಾಮಿ ಫಾರಂ ಹಿಡಿದು ಬಂದರು. ಸಾಕ್ಷಿಗೆಂದು ಪುಟ್ಟಮಲ್ಲಮ್ಮನೂ ಹಿಂದೆಯೇ ಬಂದರು. ಕೆಂಚ ಇನ್ಸ್‌ಪೆಕ್ಟರ್ ಬೂಟು ನೆಕ್ಕಿ ಅಲ್ಲೇ ಅಂಗಾತ ಮಲಗಿದ. ನಾನು ಗತ್ತಿನಿಂದ ಕುಕ್ಕೆ ಹೊರತೆಗೆದೆ. ಪುಟ್ಟಮಲ್ಲಮ್ಮ ಕಣ್ಣು ಕಿರಿದು ಮಾಡಿ ಅದರ ಲೈನಿಂಗು ನೋಡಿದರು.

"ಅಯ್ಯೋ ಶಿವ್ನೇ! ಇದು ನನ್ ರವಿಕೆ ಬಟ್ಟೆ! ತೋಳಿಗೆ ಬಟ್ಟೆ ಸಾಲ್ದು ಅಂದ್ಯಲ್ಲಪ್ಪಾ, ನಾಯಿ ಮೂತಿಗೆ ಸಾಲ್ತಾ?"

"ಚೂರು ಉಳಿದಿತ್ತು ಕಣಮ್ಮಾ..."

"ಉಳಿದಿದ್ರೆ ನನ್ ತೋಳೆಲ್ಲಿ?"

ಮೂವತ್ತು ವರ್ಷದ ಮಾನ ಬೀದಿಪಾಲಾಯಿತು! ಗಡಿಬಿಡಿಯಲ್ಲಿ ಕುಕ್ಕೆಯನ್ನು ಕೆಂಚನ ಮೂತಿಗೆ ತೊಡಿಸಿದೆ. ಸಡಿಲವಾಯಿತು. "ಎಲ್ಡೇ ಒಲಿಗೆ ಸಾ" ಎಂದು ಪಟ್ಟಿ ಬಿಗಿಮಾಡಿ ಹೊಲಿದೆ. "ಈ ಗಂಟಿನ ಮ್ಯಾಲೆ ವಸಿ ಬೆಳ್ ಮಡಗಿ ಸಾ." ಪಾಪ, ಇನ್ಸ್‌ಪೆಕ್ಟರ್ ಬೆರಳಿಟ್ಟರು. ಇನ್ನು ದಾರ ತುಂಡರಿಸಬೇಕು. ದಾರ ತುಂಡರಿಸಲು ಯಾವ ದರ್ಜಿ ತಾನೇ ಕತ್ತರಿ ಹುಡುಕಿಕೊಂಡು ಹೋಗುತ್ತಾನೆ? ಅಭ್ಯಾಸಬಲ! ಬಗ್ಗಿ ಬಾಯಿ ಹಾಕಿ ಕಟಕ್ಕನೆ ಕಡಿದೆ.

"ಅಯ್ಯಯ್ಯೋ ಸತ್ತೆ!" ಎಂದು ಇನ್ಸ್‌ಪೆಕ್ಟರ್ ಮೇಲಕ್ಕೆ ಹಾರಿದರು. ದಾರ ಮಾತ್ರ ಹಾಗೇ ಇತ್ತು.

ಬೆರಳಿಗೆ ನನ್ನ ಟವೆಲ್ಲು ಸುತ್ತಿ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ತಲೆ ಎತ್ತದೆ ರಿಜಿಸ್ಟರ್ ತೆರೆದರು.

"ಕಚ್ಚಿದ್ದು ಸಾಕಿದ್ದೋ, ಬೀದೀದೋ?"

ಪ್ರೇಮಾ ನನ್ನನ್ನೊಮ್ಮೆ ನೋಡಿ, "ಸಾಕಿದ್ದೇಯ" ಎಂದಳು.

"ಅಂಗಾರೆ ಅತ್ತು ದಿನ ಕಟ್ಟಾಕಿ ನೋಡ್ಕಳಿ. ನೀರು ಕಂಡ್ರೆ ಎದರ್ತದಾ?"

"ಸ್ನಾನ ಅಂದ್ರೆ ಮದ್ವೆ ಆದಾಗಿಂದ್ಲೂ ಎದರ್ತಾರೆ ಸಿಸ್ಟರ್!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನಿಜವಾದ ಭಯ ಬೇರೆಯೇ ಇತ್ತು. ಪರೀಕ್ಷೆಯ ಹೊತ್ತಿನಲ್ಲೇ, ಇನ್ಸ್‌ಪೆಕ್ಟರನ್ನೇ ಕಚ್ಚಿದ ಮನೆಗೆ ಲೈಸೆನ್ಸ್ ಯಾರು ಕೊಡುತ್ತಾರೆ? ಬ್ಯಾಂಡೇಜು ಕಟ್ಟಿಸಿಕೊಂಡ ಮಹದೇವಸ್ವಾಮಿ ಅಲ್ಲೇ ಬೆಂಚಿನ ಮೇಲೆ ಕೂತು ಫಾರಂ ಬಿಡಿಸಿದಾಗ ಪ್ರೇಮಾಳ ಕಣ್ಣು ತುಂಬಿ ಬಂತು.

"ನಮ್ ಕೆಂಚ ಏನೂ ಮಾಡ್ನಿಲ್ಲ ಸಾ! ಅವ್ನ ಮಾತ್ರ ಇಡ್ಕಂಡ್ ಓಗ್ಬೇಡಿ!"

"ಅವನದೇನೂ ತಪ್ಪಿಲ್ಲ ಬಿಡಮ್ಮಾ. ಆದ್ರೆ ನಡೆದದ್ದನ್ನ ನಾನು ಬರೀಲೇಬೇಕು" ಎಂದು ಅವರು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದು ಅವಳ ಮುಂದೆ ಹಿಡಿದರು. ನಾನೂ ಇಣುಕಿ ಓದಿದೆ.

"ಸಾಕಿದವರು: ಪ್ರೇಮಾ. ಸಾಕುಪ್ರಾಣಿಗಳು: ಎರಡು. ಅದರಲ್ಲಿ ಕಚ್ಚುವಂಥದ್ದು: ಒಂದು. ನಾಯಿಗೆ ಲೈಸೆನ್ಸ್ ಕೊಡಲಾಗಿದೆ."

ಪ್ರೇಮಾ ಕಣ್ಣೊರೆಸಿಕೊಂಡು, ಒಂದಕ್ಷರವನ್ನೂ ತಿದ್ದಿಸದೆ ಸಹಿ ಹಾಕಿದಳು.