ಹೆಗಲ ಮೇಲಿನ ಮೂರು ಪಟ್ಟಿ

ವಿಮಾನದಲ್ಲಿ ಇರುವಷ್ಟು ಹೊತ್ತು ನನಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ನೆಲಕ್ಕಿಳಿದು ಜನರ ಕೈಗೆ ಸಿಕ್ಕ ಮೇಲೆ. ನಮ್ಮೂರು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದು ಹೋಗುವಷ್ಟರಲ್ಲಿ ಒಂದಾದರೂ ಪ್ರಸಂಗ ನಡೆಯದೆ ಬಿಟ್ಟಿಲ್ಲ.

ಸಣ್ಣ ಸಣ್ಣ ಊರುಗಳ ನಡುವೆ ಓಡಾಡುವ ಸಣ್ಣ ವಿಮಾನದಲ್ಲಿ ನಾನು ಕೋ-ಪೈಲಟ್. ಹೆಗಲ ಮೇಲೆ ಬಂಗಾರದ ಬಣ್ಣದ ಮೂರು ಪಟ್ಟಿ. ನಾಲ್ಕನೆಯದು ಬಂದರೆ ಕ್ಯಾಪ್ಟನ್. ಅದಕ್ಕೆ ಬೇಕಾದ ಅನುಭವ ಇದೆ, ಪರೀಕ್ಷೆಗಳೆಲ್ಲ ಪಾಸಾಗಿವೆ. ನನಗಿಂತ ತಡವಾಗಿ ಸೇರಿದವರು ಎಡಗಡೆಯ ಕ್ಯಾಪ್ಟನ್ ಸೀಟಿನಲ್ಲಿ ಕೂತು ನನಗೇ ಅಪ್ಪಣೆ ಕೊಡುತ್ತಾರೆ. ನನ್ನದು ಒಂದೇ ಅಪರಾಧ. ಪೈಲಟ್ ಎಷ್ಟು ಹೊತ್ತು ದುಡಿಯಬಹುದು, ಎಷ್ಟು ಹೊತ್ತು ಮಲಗಲೇಬೇಕು ಎಂಬುದಕ್ಕೆ ಕಾನೂನಿದೆ. ಹೊತ್ತು ಮೀರಿದರೆ ನಾನು ಹಾರಿಸುವುದಿಲ್ಲ. 'ಇದೊಂದು ಸಲ' ಎಂಬ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಕಂಪನಿಯವರು ಇದಕ್ಕೆ 'ಸಹಕಾರದ ಕೊರತೆ' ಎಂದು ಹೆಸರಿಟ್ಟು ನಾಲ್ಕನೆಯ ಪಟ್ಟಿಯನ್ನು ತಡೆಹಿಡಿದಿದ್ದಾರೆ. ಹಿಡಿಯಲಿ. ನಾನು ಕಲಿತ ಇಂಗ್ಲಿಷ್ ಶಾಲೆಯಲ್ಲಿ ಗೆರೆ ದಾಟಿದರೆ ಅಂಗೈ ಮೇಲೆ ಫೂಟ್‌ಪಟ್ಟಿ ಬೀಳುತ್ತಿತ್ತು. ಗೆರೆ ದಾಟದಿದ್ದಕ್ಕೆ ಶಿಕ್ಷೆ ಕೊಡುವ ಜಾಗವನ್ನು ನಾನು ಕಂಡದ್ದು ಇದೇ ಮೊದಲು.

ಗುಡ್ಡದ ಪಂಖಾ

ನಮ್ಮ ಮನೆಯ ಎದುರಿಗೆ ಸೀರೆ ವ್ಯಾಪಾರದ ಚಾಚಾ ಒಬ್ಬರಿದ್ದಾರೆ, ಅಪ್ಪನ ಬಾಲ್ಯದ ಗೆಳೆಯರು. ನಾನು ಹಾರಿಸುವ ವಿಮಾನದ ಫೋಟೋದಲ್ಲಿ ರೆಕ್ಕೆಗೆ ಒಂದೊಂದರಂತೆ ಪಂಖಾ ಇರುವುದನ್ನು ನೋಡಿದ ದಿನ ಅವರ ಮುಖ ಸಣ್ಣದಾಯಿತು. ದೊಡ್ಡ ವಿಮಾನಗಳಿಗೆ ಹೀಗೆ ಹೊರಗೆ ಪಂಖಾ ಇರುವುದಿಲ್ಲ, ಹುಡುಗನಿಗೆ ಹಳೇ ಮಾಲು ಕೊಟ್ಟಿದ್ದಾರೆ, ಆದರೂ ಧೈರ್ಯಗೆಡಬಾರದು ಎಂದು ಅಪ್ಪನಿಗೆ ಸಮಾಧಾನ ಹೇಳಿ ಹೋದರು.

ಅಲ್ಲಿಗೇ ಮುಗಿಯಲಿಲ್ಲ. ನಮ್ಮೂರ ಗುಡ್ಡದ ಮೇಲೆಲ್ಲ ಕರೆಂಟು ಮಾಡುವ ಗಾಳಿ ಪಂಖಾಗಳು. ಚಾಚಾ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಅವನ್ನೊಮ್ಮೆ ನೋಡುತ್ತಾರೆ. ಒಂದು ದಿನ ಗಾಳಿ ಬಿದ್ದು ಎಲ್ಲವೂ ನಿಂತಿದ್ದವು. ನೋಡಿದವರೇ ಅಪ್ಪನನ್ನು ಹೊರಗೆ ಕರೆದರಂತೆ.

"ಇವತ್ತ ಒಂದೂ ತಿರಗವಲ್ವು. ಲಗೂನ ಮಗಗ ಫೋನ್ ಹಚ್ಚು, ಹತ್ತಬ್ಯಾಡ ಅನ್ನು. ನಡುವ ನಿಂತ್ರ ಮ್ಯಾಲೆ ಯಾರ ಅದಾರ ದೂಡಾಕ?"

ಅಪ್ಪ ಫೋನ್ ಹಚ್ಚಿದರು. ನಾನು ಫೋನನ್ನು ಚಾಚಾನ ಕೈಗೇ ಕೊಡಲು ಹೇಳಿ, ಗುಡ್ಡದ ಪಂಖಾವನ್ನು ಗಾಳಿ ತಿರುಗಿಸುತ್ತದೆ, ನಮ್ಮದನ್ನು ಎಂಜಿನ್ ತಿರುಗಿಸುತ್ತದೆ ಎಂದು ಮೊದಲಿಂದ ಕೊನೆಯ ತನಕ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ, "ಖರೇ ಐತಿ ಬೇಟಾ, ಎಲ್ಲಾ ತಿಳೀತು. ಆದ್ರೂ ಇವತ್ತ ಬ್ಯಾಡ" ಎಂದರು.

ಕೆಲಸಕ್ಕೆ ಸೇರಿದಾಗಿನಿಂದ ನನಗೆ ಇಷ್ಟು ಖಡಾಖಂಡಿತವಾಗಿ 'ಇವತ್ತು ಬೇಡ' ಎಂದ ಮೇಲಧಿಕಾರಿ ಅವರೊಬ್ಬರೇ.

ಹವಾಲ್ದಾರ ವರ

ಕನ್ಯೆ ನೋಡಲು ನರಗುಂದಕ್ಕೆ ಹೋಗಿದ್ದೆವು. ಹುಡುಗಿಯ ಸೋದರಮಾವ ಬಸ್ ಡಿಪೋದಲ್ಲಿ ಯಾವ ಡ್ರೈವರನನ್ನು ಯಾವ ಗಾಡಿಗೆ ಹಚ್ಚಬೇಕು ಎಂದು ನೋಡುವವರು. ಆದ್ದರಿಂದ ಜಾತಕ, ಗೋತ್ರ ಬದಿಗಿಟ್ಟು ನೇರವಾಗಿ ನೌಕರಿಯ ವಿಚಾರಕ್ಕೇ ಕೈ ಹಾಕಿದರು. ವಾರದ ರಜೆ ಯಾವತ್ತು ಎಂದರು. ಕಂಪನಿಯವರು ಕೊಟ್ಟ ದಿನ ಎಂದೆ. ಪಿಂಚಣಿ? ಇಲ್ಲ. ಸಂಘ? ಇದೆ, ಆದರೆ ಅದರಲ್ಲಿ ಮಾತಾಡಿದವನಿಗೆ ಮರುದಿನವೇ ದೂರದ ಊರಿಗೆ ವರ್ಗ. ಸಾಕಾಗಿ ಬಿಡಬೇಕೆಂದರೆ? ಬಾಂಡ್ ಬರೆದುಕೊಟ್ಟಿದ್ದೇನೆ, ಅದು ಮುಗಿಯುವ ತನಕ ಬಿಡುವ ಹಾಗಿಲ್ಲ.

ಅವರು ಅವಲಕ್ಕಿಯ ಪ್ಲೇಟು ಕೆಳಗಿಟ್ಟರು. "ಹಂಗಾರ ನಿಮ್ಮನ್ನ ಕೆಲಸಕ್ಕ ತಗೊಂಡಾರೋ, ಒತ್ತಿ ಇಟ್ಕೊಂಡಾರೋ?"

ಆಮೇಲೆ ಹೆಗಲ ಪಟ್ಟಿಯ ಮಾತು ಬಂತು. ಮೂರು ಎಂದೆ. ಮೂರು ಪಟ್ಟಿ ಅಂದರೆ ಪೊಲೀಸರಲ್ಲಿ ಹವಾಲ್ದಾರ ಎಂದು ಅವರು ತಮ್ಮ ಕಡೆಯವರಿಗೆಲ್ಲ ತಿಳಿಸಿ ಹೇಳಿದರು. ನಮ್ಮಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡತೊಡಗಿದಳು.

ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು. ಅವಳು ತಲೆ ತಗ್ಗಿಸದೆ ಕೇಳಿದಳು: "ಮ್ಯಾಲೆ ಹೋದ ಮ್ಯಾಲೆ ನಿದ್ದಿ ಬಂದ್ರ?"

"ಬರೂ ಹಂಗಿದ್ರ ಹತ್ತೂದ ಇಲ್ಲ."

"ನಿಮ್ಮ ಸಾಹೇಬ್ರು ಹತ್ತಾಕ ಬೇಕು ಅಂದ್ರ?"

"ಅವರಿಗೂ ಇದನ್ನ ಹೇಳತೀನಿ."

ಸೋದರಮಾವ ಅವಳ ಕಡೆ ಬಾಗಿ, ಇಂಥವರಿಗೆ ಬಡ್ತಿ ಸಿಗುವುದಿಲ್ಲ, ಡಿಪೋದಲ್ಲಿ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದು ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. ಅವಳು ಅಷ್ಟೇ ಮೆಲ್ಲಗೆ, "ಬಡ್ತಿ ಇರ್ಲಿ ಬಿಡ್ರಿ ಮಾಮಾ, ಮನಿಗೆ ಬಂದ್ರ ಸಾಕು" ಎಂದಳು.

ಮದುವೆಯಾಯಿತು. ಬಡ್ತಿಯ ವಿಷಯದಲ್ಲಿ ಸೋದರಮಾವನ ಮಾತು ಈ ತನಕ ಸುಳ್ಳಾಗಿಲ್ಲ. ಪ್ರತಿ ಹಬ್ಬಕ್ಕೂ ಬಂದು ಅವರು ಮೊದಲು ವಿಚಾರಿಸುವುದು ನನ್ನ ಆರೋಗ್ಯವನ್ನಲ್ಲ, ಹೆಗಲನ್ನು.

ಬೇಸಿಗೆ ರಜೆ

ನಮ್ಮ ಕೆಲಸದಲ್ಲಿ ಸ್ಟ್ಯಾಂಡ್‌ಬೈ ಎಂಬುದೊಂದಿದೆ. ಬೇರೆ ಯಾವನೋ ಪೈಲಟ್ ಬರದಿದ್ದರೆ ಕರೆಯುತ್ತೇವೆ, ಮನೆಯಲ್ಲೇ ತಯಾರಾಗಿ ಕೂತಿರು ಎಂದು ಅರ್ಥ. ನಾನು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಇಸ್ತ್ರಿಯ ಬಿಳಿ ಅಂಗಿ, ಟೈ, ಬೂಟು ಸಮೇತ ಪಡಸಾಲೆಯ ಕುರ್ಚಿಯ ಮೇಲೆ ನೆಟ್ಟಗೆ ಕೂಡುತ್ತೇನೆ. ತಯಾರಾಗಿರು ಎಂದರೆ ಲುಂಗಿಯಲ್ಲಿ ತಯಾರಾಗಿರುವುದು ನನಗೆ ಬರುವುದಿಲ್ಲ.

ಅಮ್ಮ ಊರಿಂದ ಬಂದಿದ್ದ ವಾರದಲ್ಲಿ ದಿನಾ ಇದೇ ನಡೆಯಿತು. ಫೋನು ಬರಲಿಲ್ಲ, ನಾನು ಏಳಲಿಲ್ಲ. ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಬದಲಿಗೆ ಮಗನ ನೌಕರಿ ಹೋಗಿದೆ, ಮನೆಯಲ್ಲಿ ಹೇಳಲು ನಾಚಿಕೊಂಡು ದಿನಾ ಬಟ್ಟೆ ಹಾಕಿಕೊಂಡು ಕೂಡುತ್ತಾನೆ ಎಂದು ರೋಣದಲ್ಲಿರುವ ತನ್ನ ತಮ್ಮನಿಗೆ ತಿಳಿಸಿದಳು. ಮಾವ ಅಲ್ಲಿನ ಖಾಸಗಿ ಶಾಲೆಯೊಂದರ ಅಧ್ಯಕ್ಷರ ಕಾಲು ಹಿಡಿದರು.

ಅಧ್ಯಕ್ಷರು ನನಗೆ ಫೋನ್ ಮಾಡಿದರು. ಬಹಳ ಸಭ್ಯರು. ನೌಕರಿ ಹೋದ ಸುದ್ದಿಯನ್ನು ಎತ್ತಲೇ ಇಲ್ಲ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆಯಂತೆ, ನಮ್ಮಲ್ಲಿ ಮಕ್ಕಳಿಗೆ ಕಲಿಸಲು ಬನ್ನಿ ಎಂದರು. ಭಾನುವಾರ ಖಾಯಂ ರಜೆ, ಮಧ್ಯಾಹ್ನ ಬಿಸಿ ಊಟ, ಸಂಜೆ ಗಂಟೆ ಹೊಡೆದ ಮೇಲೆ ಯಾರೂ ನಿಲ್ಲು ಅನ್ನುವುದಿಲ್ಲ ಎಂದು ಒಂದೊಂದಾಗಿ ಹೇಳುತ್ತ ಹೋದರು. ನಾನು ಕೇಳುತ್ತ ಹೋದೆ. ಕೊನೆಗೆ ಧನ್ಯವಾದ ಹೇಳಿ, ನನ್ನ ನೌಕರಿ ಇನ್ನೂ ಇದೆ ಎಂದು ತಿಳಿಸಿ ಫೋನ್ ಇಟ್ಟೆ.

ನೌಕರಿ ಇದ್ದವರು ಅಷ್ಟು ಹೊತ್ತು ಯಾಕೆ ಕೇಳಿದಿರಿ ಎಂದು ಹೆಂಡತಿ ತರಾಟೆಗೆ ತೆಗೆದುಕೊಂಡಳು.

"ಬ್ಯಾಸಗಿ ಸೂಟಿ ತನಕ ಹೇಳ್ಕೋತ ಬಂದಿದ್ರು," ಅಂದೆ. "ನಡುವ ಇಡಾಕ ಮನಸ್ಸಾಗಲಿಲ್ಲ."

ಸಹಕಾರದ ಪಾಠ

ನಾಲ್ಕನೆಯ ಪಟ್ಟಿ ಎಲ್ಲಿಗೆ ಬಂತು ಎಂದು ಕೇಳಲು ಒಮ್ಮೆ ಕಂಪನಿಯ ಕಚೇರಿಗೇ ಹೋದೆ. ಪೈಲಟ್‌ಗಳ ಮೇಲಿನ ಮುಖ್ಯಸ್ಥರು ಕಾಫಿ ತರಿಸಿದರು. ನಿನ್ನ ಹಾರಾಟದಲ್ಲಿ ತಪ್ಪಿಲ್ಲ, ಸ್ವಭಾವದಲ್ಲಿದೆ ಎಂದರು. ಬೇಡ ಎನ್ನುವುದು ನಿನಗೆ ಬಹಳ ಸಲೀಸಾಗಿ ಬರುತ್ತದೆ ಎಂದರು. ಕ್ಯಾಪ್ಟನ್ ಆಗುವವನಿಗೆ ಬರಬೇಕಾದ ಮೊದಲ ವಿದ್ಯೆ ಅದೇ ಅಲ್ಲವೇ ಸರ್ ಎಂದೆ. ಕಾಫಿ ತಣ್ಣಗಾಯಿತು.

ನನ್ನನ್ನು ತಿದ್ದಲು ಒಂದು ತರಬೇತಿ ಗೊತ್ತುಮಾಡಿದರು. ದಣಿವಿದ್ದರೂ ನಗುನಗುತ್ತ ಸಹಕರಿಸುವುದು ಹೇಗೆ ಎಂಬುದು ಅದರ ವಿಷಯ. ಹೇಳಿದ ಸಮಯಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಎಷ್ಟು ಹೊತ್ತಾದರೂ ತರಬೇತುದಾರರು ಬರಲಿಲ್ಲ. ಕೊನೆಗೆ ಕಚೇರಿಯ ಹೆಣ್ಣುಮಗಳೊಬ್ಬಳು ಬಂದು, ಅವರು ಹಿಂದಿನ ದಿನ ದೂರದಿಂದ ಪ್ರಯಾಣ ಮಾಡಿ ಬಂದು ಬಹಳ ದಣಿದಿದ್ದಾರೆ, ಇವತ್ತು ಪಾಠ ಇಲ್ಲ ಎಂದಳು.

ಅವರು ಮಾಡಿದ್ದು ಅತ್ಯಂತ ಸರಿ ಎಂದು ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅದನ್ನೂ ಸಹಕಾರದ ಕೊರತೆಗೇ ಸೇರಿಸಿಕೊಂಡರು.

ನಿಬ್ಬಣದ ಡ್ರೈವರ್

ಹೋದ ಮಳೆಗಾಲದ ಪ್ರಸಂಗ. ಹುಬ್ಬಳ್ಳಿಯಲ್ಲಿ ಹತ್ತಿದವರಲ್ಲಿ ಬಹುಪಾಲು ಬೆಳವಣಕಿಯ ಒಂದೇ ಮನೆತನದವರು. ಮಗಳ ಲಗ್ನಕ್ಕೆ ದೂರದ ಬೀಗರ ಊರಿಗೆ ಹೊರಟವರು. ಅವರ ಯಜಮಾನರು ಒಬ್ಬ ಗೌಡರು, ತಲೆಗೆ ಪಟಗಾ ಸುತ್ತಿದವರು. ಜೊತೆಗೆ ಅವರ ತಾಯಿ, ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡ ಆಯಿ. ಪ್ರಯಾಣಿಕರ ಮುಂದಿನ ಸೀಟಿನಲ್ಲಿ ನಮ್ಮ ಮುಖ್ಯಸ್ಥರು, ಅದೇ ತಣ್ಣಗಿನ ಕಾಫಿಯವರು. ಅವರಿಗೆ ಮರುದಿನ ಆ ಬೀಗರ ಊರಿನಲ್ಲೇ ಮೀಟಿಂಗ್.

ದಾರಿಯಲ್ಲಿ ಒಂದು ಸಣ್ಣ ಊರಿನಲ್ಲಿ ಇಳಿದು ಮುಂದೆ ಹೋಗಬೇಕು. ಇಳಿದೆವು. ಮುಂದೆ ಮಳೆ. ಕಾದೆವು. ಮಳೆ ಬಿಡುವಷ್ಟರಲ್ಲಿ ನಮ್ಮ ಕೆಲಸದ ಹೊತ್ತು ಮುಗಿದಿತ್ತು. ಮುಖ್ಯಸ್ಥರು ಕಾಕ್‌ಪಿಟ್‌ಗೆ ಬಂದು ಬಾಗಿಲು ಹಾಕಿಕೊಂಡರು.

"ಇದೊಂದು ಹಾರಾಟ ಮುಗಿಸು. ಮುಂದಿನ ವಾರ ನಾಲ್ಕನೇ ಪಟ್ಟಿ ನಿನ್ನ ಹೆಗಲ ಮೇಲಿರುತ್ತೆ. ಮಾತು ಕೊಡ್ತೀನಿ."

ಆ ಪಟ್ಟಿ ನನಗೆ ಬೇಡ ಎಂದು ಯಾರೂ ತಿಳಿಯಬಾರದು. ಬೇಕು. ಚೆನ್ನಾಗಿಯೇ ಬೇಕು. ಆದರೆ ಬೆಳಗಿನಿಂದ ಅದೇ ಸೀಟಿನಲ್ಲಿದ್ದ ನನಗೆ ಎದುರಿನ ಮೀಟರುಗಳ ಮುಳ್ಳುಗಳನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. "ಹೊತ್ತು ಮುಗಿದಿದೆ ಸರ್" ಎಂದು ಬೆಲ್ಟ್ ಬಿಚ್ಚಿದೆ. ನಮ್ಮ ಕ್ಯಾಪ್ಟನ್ ನಿವೃತ್ತಿಗೆ ಬಂದ ಹಿರಿಯರು, ಆ ತನಕ ಕಿಟಕಿಯಾಚೆ ನೋಡುತ್ತಿದ್ದವರು, ನನ್ನ ಬೆಲ್ಟಿನ ಸದ್ದು ಕೇಳಿ ತಮ್ಮದನ್ನೂ ಬಿಚ್ಚಿದರು.

ಮುಖ್ಯಸ್ಥರಿಗೆ ಸಿಟ್ಟು ಬಂತು. ಮೈಕ್ ಹಿಡಿದು, ವಿಮಾನ ಸರಿಯಿದೆ, ಮಳೆ ನಿಂತಿದೆ, ಆದರೆ ಕೋ-ಪೈಲಟ್ ತನಗೆ ದಣಿವಾಗಿದೆ ಎಂದು ಒಲ್ಲೆ ಅನ್ನುತ್ತಿದ್ದಾನೆ ಎಂದು ಪ್ರಯಾಣಿಕರಿಗೆ ಸಾರಿದರು. ಮದುವೆಯ ಮಂದಿ ನನ್ನ ಮೇಲೆ ಏರಿ ಬರುತ್ತಾರೆ, ಆಗ ಇವನು ಬಗ್ಗುತ್ತಾನೆ ಎಂಬುದು ಅವರ ಲೆಕ್ಕ. ಆದರೆ ಅವರಿಗೆ ನಮ್ಮ ಕಡೆಯ ಮದುವೆ ನಿಬ್ಬಣಗಳು ಗೊತ್ತಿಲ್ಲ. ಮದುವೆಗೆ ಮಂದಿ ತುಂಬಿಕೊಂಡು ಹೋಗುವ ಟೆಂಪೋದ ಡ್ರೈವರನಿಗೆ ನಮ್ಮಲ್ಲಿ ಮದುಮಗನಿಗಿಂತ ಮೊದಲು ಎಲೆ ಹಾಕುತ್ತಾರೆ. ಉಂಡ ಮೇಲೆ ಹಾಸಿಗೆ ಹಾಸುತ್ತಾರೆ. ಅವನು ಮಲಗಿ ಎದ್ದ ಹೊರತು ಗಾಡಿ ಹೊರಡುವುದಿಲ್ಲ. ಹೊರಡಿಸಿದ ಬೀಗರ ಮಾನ ಉಳಿಯುವುದಿಲ್ಲ.

ಗೌಡರು ಎದ್ದು ನಿಂತರು. ಲಗ್ನಕ್ಕೆ ಇನ್ನೂ ಒಂದು ದಿನ ಕೈಯಲ್ಲಿದೆ ಎಂದರು. ಆಮೇಲೆ ಮುಖ್ಯಸ್ಥರನ್ನು ಕೇಳಿದರು: "ಡ್ರೈವರ್ ಉಂಡಾನೇನ್ರಿ?"

ಮುಖ್ಯಸ್ಥರು ಕೈಗಡಿಯಾರ ನೋಡಿಕೊಂಡರು. ಆಯಿ ಬುತ್ತಿಯ ಗಂಟು ಬಿಚ್ಚಿದಳು.

ಊರಿನಲ್ಲಿದ್ದದ್ದು ಒಂದೇ ಲಾಡ್ಜ್, ಎಲ್ಲರನ್ನೂ ಅಲ್ಲಿಗೇ ಸಾಗಿಸಿದರು. ನಾನು ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆ. ಗೌಡರು ನನ್ನ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಸಿಕೊಂಡು ಕೂತರು. ಮುಖ್ಯಸ್ಥರು ಫೋನಿನಲ್ಲಿ ಕೂಗಾಡುತ್ತ ಆ ಕಡೆ ಬಂದಾಗಲೆಲ್ಲ, "ಸಾಹೇಬ್ರ, ಡ್ರೈವರ್ ಮಲಗ್ಯಾನ, ಕೆಳಗ ಹೋಗಿ ಮಾತಾಡ್ರಿ" ಎಂದು ಕಳಿಸಿದರಂತೆ.

ಬೆಳಿಗ್ಗೆ ನನಗೆ ಎಚ್ಚರವಾಗುವಷ್ಟರಲ್ಲಿ ಬಾಗಿಲಾಚೆ ಬೇರೆಯೇ ಗಲಾಟೆ. ಮುಖ್ಯಸ್ಥರು ದೂರದ ನಗರದಿಂದ ಬೇರೆ ಇಬ್ಬರು ಪೈಲಟ್‌ಗಳನ್ನು ಕಾರಿನಲ್ಲಿ ತರಿಸಿದ್ದರು. ಗೌಡರು ಆ ಇಬ್ಬರಿಗೂ ನಮಸ್ಕಾರ ಮಾಡಿ, ಎಷ್ಟೊತ್ತಿಗೆ ಊರು ಬಿಟ್ಟಿರಿ ಎಂದು ವಿಚಾರಿಸಿದರು. ಪಾಪ, ಅವರು ನಿಜವನ್ನೇ ಹೇಳಿದರು.

"ಹಂಗಾರ ಇವರೂ ಮಲಗಿಲ್ಲ," ಎಂದರು ಗೌಡರು. "ಒಳಗಿನವ ಮಲಗಿದ್ದನ್ನ ನಾನ ಕುಂತು ನೋಡೇನಿ. ನಮಗ ಅವನ ಇರ್ಲಿ."

ಆಯಿ ಹೊಸಬರಿಬ್ಬರಿಗೂ ರೊಟ್ಟಿ ಕೊಟ್ಟು ಜಮಖಾನೆ ಹಾಸಿಸಿದಳು. ಅವರು ತುಸು ಹೊತ್ತು ಮುಖ್ಯಸ್ಥರ ಮುಖ ನೋಡಿ, ಆಮೇಲೆ ಜಮಖಾನೆ ನೋಡಿ, ಮಲಗಿಬಿಟ್ಟರು.

ಮುಖ್ಯಸ್ಥರೂ ಒಂದು ಕಾಲದಲ್ಲಿ ಪೈಲಟ್ ಆಗಿದ್ದವರು. ತಾಳ್ಮೆ ಕಳೆದುಕೊಂಡು, ಹಾಗಾದರೆ ನಾನೇ ಹಾರಿಸುತ್ತೇನೆ ಎಂದುಬಿಟ್ಟರು. ಗೌಡರು ಅವರ ಕಣ್ಣುಗಳನ್ನೇ ದಿಟ್ಟಿಸಿ ನೋಡಿ, "ನೀವಂತೂ ಫೋನ್ ಕೆಳಗ ಇಟ್ಟಿಲ್ಲ. ಮೊದಲ ನೀವು ಅಡ್ಡಾಗ್ರಿ" ಎಂದರು.

ನನ್ನ ವಿಶ್ರಾಂತಿಯ ಹೊತ್ತು ಪೂರ್ತಿಯಾದ ಮೇಲೆ ನಾನು ಗಡ್ಡ ಬೋಳಿಸಿಕೊಂಡು, ಬೂಟಿಗೆ ಪಾಲಿಶ್ ಮಾಡಿಕೊಂಡು ಹೊರಬಂದೆ. ವಿಮಾನದ ಮೆಟ್ಟಿಲ ಬಳಿ ಗೌಡರು ನಿಂತುಬಿಟ್ಟರು. ಅವರ ಹಿಂದೆ ಆಯಿ, ಆಯಿಯ ಹಿಂದೆ ಮುಖ್ಯಸ್ಥರು. ಗೌಡರು ನಮ್ಮ ಕ್ಯಾಪ್ಟನ್ನರ ಹೆಗಲು ನೋಡಿದರು, ನನ್ನ ಹೆಗಲು ನೋಡಿದರು.

"ಹಿರ್ಯಾರಿಗೆ ನಾಕ ಪಟ್ಟಿ ಅದಾವ. ನಿನಗ ಮೂರ. ನಿನ್ನಿ ಮಲಗಿದ್ದಕ್ಕ ಒಂದು ಕಿತ್ಕೊಂಡ್ರೇನು?"

ಹಾಗೇ ತಿಳಿದುಕೊಳ್ಳಿ ಎಂದೆ. ಅವರು ಹಿಂದಕ್ಕೆ ತಿರುಗಿ ಮುಖ್ಯಸ್ಥರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ನನ್ನ ಹೆಗಲ ಮೇಲೆ ಕೈ ಇಟ್ಟರು. "ಉಳಿದ ಮೂರೂ ಕಿತ್ಕೊಳ್ಳಲಿ ತಮ್ಮಾ. ನಿದ್ದಿ ಮಾತ್ರ ಬಿಡಬ್ಯಾಡ."

"ಬಿಡೂದಿಲ್ರಿ," ಅಂದೆ.

ಅಷ್ಟರಲ್ಲಿ ಆಯಿ ಚೀಲದಿಂದ ಮದುಮಗಳ ಕುಪ್ಪಸಕ್ಕೆಂದು ತಂದಿದ್ದ ಜರಿಯ ಸುರುಳಿ ಹೊರಗೆಳೆದು, ನನ್ನ ಪಟ್ಟಿಗಳ ಪಕ್ಕಕ್ಕೆ ಹಿಡಿದು ನೋಡಿದಳು. ಬಣ್ಣ ಸರಿಹೊಂದಿತು. ತನ್ನ ಸೂಜಿಯನ್ನು ತಪಾಸಣೆಯ ಪೊಲೀಸರು ಹುಬ್ಬಳ್ಳಿಯಲ್ಲೇ ಕಸಿದುಕೊಂಡದ್ದು ಆಗ ಅವಳಿಗೆ ನೆನಪಾಯಿತು. ಹಿಂದೆ ನಿಂತಿದ್ದ ಮುಖ್ಯಸ್ಥರ ಕಡೆ ತಿರುಗಿದಳು.

"ಸಾಹೇಬ್ರ, ನಿಮ್ಮ ಹಂತೇಕ ಒಂದು ಸೂಜಿ ಐತೇನ್ರಿ?"