ಮಾವ ಕೊಂಡ ಸಾಲಗಳು

ನಮ್ಮ ಸೋದರಮಾವನಂಥ ವ್ಯಾಪಾರಿ ಇಡೀ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಜನ ಕಡಲೆಕಾಯಿ ಕೊಳ್ಳುತ್ತಾರೆ, ಕುರಿ ಕೊಳ್ಳುತ್ತಾರೆ, ಕೈಯಲ್ಲಿ ನಾಲ್ಕು ಕಾಸು ಹೆಚ್ಚಾದರೆ ಹೆಂಡತಿಗೆ ಮೂಗುತಿ ಕೊಳ್ಳುತ್ತಾರೆ. ನಮ್ಮ ಮಾವ ಬೇರೆಯವರ ಸಾಲ ಕೊಳ್ಳುತ್ತಿದ್ದ! ಅದೂ ಎಂಥ ಸಾಲ? ಕೊಟ್ಟ ಸಾಹುಕಾರನೇ ಇನ್ನು ಬಾರದೆಂದು ಕೈಬಿಟ್ಟು, ಸಾಲಗಾರ ಬರೆದುಕೊಟ್ಟ ಪ್ರೋನೋಟನ್ನು ಇಲಿಗಳ ವಶಕ್ಕೆ ಒಪ್ಪಿಸಿದ್ದಂಥ ಸಾಲ.

ಮಾವ ರಾಯದುರ್ಗದವನು. ಮಕ್ಕಳಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅಲ್ಲಿನ ಮನೆ ಮಾರಿ ಮಡಕಶಿರಕ್ಕೆ ಬಂದು, ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದೆ. ನಮ್ಮ ಮನೆಯಲ್ಲೇ ಇದ್ದುಬಿಡು ಎಂದು ಮಾವನನ್ನು ಕರೆದದ್ದುಂಟು. ಹೇಗೆ ಕರೆದೆ ಎಂದು ಕೇಳಬೇಡಿ. ಅವನು ಬರಲಾರ ಎಂದು ಖಾತ್ರಿಯಾಗುವ ಹಾಗೆ ಕರೆದೆ.

ಒಬ್ಬ ಕೊಟ್ಟ ಸಾಲವನ್ನು ಇನ್ನೊಬ್ಬ ಕೊಂಡು ವಸೂಲು ಮಾಡಬಹುದೇ? ನಮ್ಮ ಕಚೇರಿಗೆ ಬರುತ್ತಿದ್ದ ಅರ್ಧ ಜನರ ಪ್ರಶ್ನೆ ಇದೇ. ಧಾರಾಳವಾಗಿ ಮಾಡಬಹುದು. ಆದರೆ ಮೊದಲ ಸಾಹುಕಾರ ನೋಟಿನ ಬೆನ್ನಿಗೆ ‘ಇಂಥವರಿಗೆ ವಹಿಸಿಕೊಟ್ಟಿದ್ದೇನೆ’ ಎಂದು ಬರೆದು ರುಜು ಹಾಕಿರಬೇಕು, ನೋಟು ಬರೆದು ಮೂರು ವರ್ಷ ದಾಟಿರಬಾರದು. ದಾಟಿತೋ, ಆ ಕಾಗದದಿಂದ ಬೀಡಿ ಹಚ್ಚಬಹುದು, ಅಷ್ಟೇ! ಮಾವ ಬೆನ್ನಿನ ಬರಹವನ್ನು ಶಾಸ್ತ್ರೋಕ್ತವಾಗಿ ಮಾಡಿಸುತ್ತಿದ್ದ. ಮೂರು ವರ್ಷದ ಮಾತೆತ್ತಿದರೆ ಮಾತ್ರ ಕಿವಿ ಕೇಳುತ್ತಿರಲಿಲ್ಲ.

ನೋಟು ಕೊಳ್ಳುವವರು ಸಾಲಗಾರನಿಗೆ ಹೊಲವೆಷ್ಟು, ಎತ್ತುಗಳೆಷ್ಟು ಎಂದು ವಿಚಾರಿಸುತ್ತಾರೆ. ಒಮ್ಮೆ ನನ್ನೆದುರಿಗೇ ಮಾವ ಒಬ್ಬ ಸಾಹುಕಾರನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅವರ ಮನಿಯಾಗ ಎಷ್ಟು ಮಂದಿ ಅದಾರ್ರಿ?”

ಎಂಟು ಜನ ಎಂದ ಸಾಹುಕಾರ.

“ಹಂಗಾದ್ರ ಕೊಡ್ರಿ.”

ಒಂಟಿ ಸಾಲಗಾರರ ನೋಟುಗಳನ್ನು ಪುಕ್ಕಟೆ ಕೊಟ್ಟರೂ ಮುಟ್ಟಲಿಲ್ಲ. ಎಂಟು ಜನರಲ್ಲಿ ಒಬ್ಬನಾದರೂ ಕೊಟ್ಟಾನು ಎಂಬ ಲೆಕ್ಕಾಚಾರವಿರಬೇಕೆಂದು ನಾನು ತಲೆದೂಗಿದೆ. ಎಂಥ ಬುದ್ಧಿವಂತ ನಾನು!

ಅವನ ವಸೂಲಿಯ ವೈಖರಿ ಕೇಳಿ. ಕಂಬಳಿ ನೇಯುವ ಒಬ್ಬ ಸಾಲಗಾರ ಮಾವನನ್ನು ಕಂಡೊಡನೆ ಅಟ್ಟ ಹತ್ತಿ ಅಡಗಿದನಂತೆ. ಮಾವ ಗದರಲಿಲ್ಲ, ಕೂಗಲಿಲ್ಲ. ಜಗಲಿಯ ಮೇಲೆ ಕುಳಿತು, ಆತನ ತಾಯಿಯೊಂದಿಗೆ ಉಣ್ಣೆ ಬಿಡಿಸುತ್ತಾ, ಅವಳ ಮಂಡಿನೋವಿನ ಪುರಾಣವನ್ನು ಮೊದಲಿನಿಂದ ಕೇಳಿದ. ಮಧ್ಯಾಹ್ನ ಹಸಿವು ತಾಳಲಾರದೆ ಸಾಲಗಾರ ತಾನಾಗಿಯೇ ಇಳಿದು ಬಂದ. ಇಬ್ಬರೂ ಒಟ್ಟಿಗೆ ಉಂಡರು. ಎಷ್ಟು ವಸೂಲಾಯಿತು ಎಂದು ನಾನು ಕೇಳಿದೆ.

“ಎರಡು ಮುದ್ದಿ,” ಎಂದ ಮಾವ. “ಸಾರು ಮತ್ತೊಮ್ಮಿ ಬಡಿಸಿದ್ರು.”

ಅಮರಾಪುರದ ಒಬ್ಬ ಮೇಷ್ಟರು ಮಾತ್ರ ಅವನಿಗೆ ದ್ರೋಹ ಮಾಡಿಬಿಟ್ಟರು. ಮರ್ಯಾದಸ್ಥರು ನೋಡಿ, ಎರಡನೆಯ ಸಲ ಹೋದಾಗಲೇ ಬಡ್ಡಿಸಮೇತ ಹಣ ತಂದು ಮುಂದಿಟ್ಟರು! ಮಾವ ಬೆವರಿದನಂತೆ. “ಏನ್ ಅವಸರ ಐತ್ರಿ ಮೇಷ್ಟ್ರ, ನಾನೇನ್ ಊರ ಬಿಟ್ಟು ಓಡಿ ಹೋಗ್ತೀನೇನು?” ಎಂದು ಅಂಗಲಾಚಿದನಂತೆ. ಮೇಷ್ಟರು ಕೇಳಲಿಲ್ಲ. ನೋಟು ವಾಪಸು ಪಡೆದು, ಹರಿದು, ಕೈಮುಗಿದರು. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬಾಕಿ ಬಂತೆಂದು ಕೊರಗುವ ಸಾಹುಕಾರನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವನ ಮೆಚ್ಚಿನ ಬಾಕಿ ರೊಳ್ಳದಲ್ಲಿತ್ತು. ಈರಕ್ಕನೆಂಬ ವಿಧವೆಯ ಮನೆ. ಗಂಡ ಎಂದೋ ಬರೆದುಕೊಟ್ಟಿದ್ದ ನೋಟು. ಮಗ ಹನುಮಂತ, ಸೊಸೆ, ಮೊಮ್ಮಕ್ಕಳು, ಒಂದು ರೊಪ್ಪದ ತುಂಬ ಕುರಿ. ಪ್ರತಿ ಸೋಮವಾರ ನಸುಕಿನಲ್ಲೇ ಹೊರಟು ಮಾವ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದ. ಈರಕ್ಕ ಅವನನ್ನು ಅಣ್ಣ ಎನ್ನುತ್ತಿದ್ದಳು. ಕುರಿಯ ಕಾಲಿಗೆ ಮದ್ದು ಅರೆಯುವುದು, ಅತ್ತೆ ಸೊಸೆಯರ ಜಗಳ ತೀರಿಸುವುದು, ಉಂಡು ಒಂದು ನಿದ್ದೆ ತೆಗೆಯುವುದು, ಹೊರಡುವಾಗ “ಮತ್ತ ಬಾಕಿ?” ಎಂದು ಕೇಳುವುದು. “ಮುಂದಿನ ವಾರ ಅಣ್ಣಾ,” ಎಂದು ಅವಳು ಹೇಳಿದರೆ ಇವನಿಗೆ ಪರಮ ಸಮಾಧಾನ.

ಊರಿನಲ್ಲಿ ಜನ ನಗತೊಡಗಿದರು. ನಿಮ್ಮ ಮಾವ ಪ್ರೋನೋಟು ಹಿಡಿದು ಭಿಕ್ಷೆಗೆ ಹೋಗುತ್ತಾನಂತಲ್ಲ ಎಂದು ಜೊತೆಯ ಗುಮಾಸ್ತರು ನನ್ನನ್ನು ಹಂಗಿಸಿದರು. ಆ ಮಾತು ನನಗೆ ನಾಟಿತು.

ಆಗಲೇ ಒಂದು ದಿನ ಹನುಮಂತ ನಮ್ಮ ಕಚೇರಿಗೆ ಬಂದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. “ಮುದುಕಪ್ಪ ಒಳ್ಳೇವ್ನೇ ಸ್ವಾಮಿ. ನಾಳೆ ಆ ನೋಟ್ನ ಇನ್ಯಾರಿಗಾದ್ರೂ ಮಾರಿದ್ರೆ? ಅವ್ರು ಬಂದು ಕುರಿ ಜಪ್ತಿ ಮಾಡ್ಸಿದ್ರೆ?” ಎಂದ.

ಮೂರು ವರ್ಷ ದಾಟಿದೆ, ಯಾರೂ ಏನೂ ಮಾಡಲಾರರು, ನೆಮ್ಮದಿಯಿಂದ ಹೋಗಪ್ಪ ಎಂದಿದ್ದರೆ ಸಾಕಿತ್ತು. ನಾನು ಇಂಗ್ಲಿಷಿನಲ್ಲಿ ನೋಟೀಸು ಬರೆದೆ. ಸಾಲದ ವಾಯಿದೆ ತೀರಿದೆ, ಕೇಳುವ ಹಕ್ಕಿಲ್ಲ ಎಂದು ಬರೆದೆ. ಅದು ಕಾನೂನು. ಅದರ ಕೆಳಗೆ, ಹನುಮಂತ ಕೇಳದಿದ್ದ ಇನ್ನೊಂದು ವಾಕ್ಯ ಸೇರಿಸಿದೆ: ‘ಇನ್ನು ಮುಂದೆ ನಮ್ಮ ಕಕ್ಷಿದಾರರ ಮನೆಯ ಹೊಸ್ತಿಲು ತುಳಿಯಕೂಡದು.’ ವಕೀಲರು ಇತರ ಕಾಗದಗಳ ನಡುವೆ ಅದಕ್ಕೂ ರುಜು ಹಾಕಿದರು. ನಮ್ಮ ಬೀದಿಯ ಈ ತುದಿಯವನು ಆ ತುದಿಯವನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಕಾಗದ ಅದೊಂದೇ ಇರಬೇಕು!

ಮಾವನಿಗೆ ಇಂಗ್ಲಿಷ್ ಬಾರದು. ಓದಿಸಲು ಯಾರ ಬಳಿಗೆ ಬಂದಾನು? ನನ್ನ ಬಳಿಗೇ ಬಂದ. ನಾನು ಬರೆದದ್ದನ್ನು ನಾನೇ, ಮೊದಲ ಸಲ ನೋಡುವವನಂತೆ ಹುಬ್ಬೇರಿಸಿ, ಕನ್ನಡದಲ್ಲಿ ಹೇಳಿದೆ. ಆ ಕೊನೆಯ ವಾಕ್ಯವನ್ನು ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ.

ಮಾವ ಬಹಳ ಹೊತ್ತು ಆ ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ಕುಳಿತ.

“ಈರಕ್ಕನೇ ಬರೆಸ್ಯಾಳೇನು?”

“ಅವರ ಪರವಾಗಿಯೇ ಬಂದಿದೆ, ಮಾವ.”

“ರೊಕ್ಕ ಕೇಳಾಕ ಬ್ಯಾಡ ಬಿಡು. ಸುಮ್ಮನ ಹೋದ್ರ?”

“ನೋಟಿಲ್ಲದ ಮೇಲೆ ನಿನಗಲ್ಲಿ ಏನು ಕೆಲಸ?”

“ಹೌದು,” ಎಂದ ಮಾವ. “ಕೆಲಸಿಲ್ಲದ ಹೋಗಾಕ ನಾಚಿಕಿ ಬರತೈತಿ.”

ಅವನು ಯಾಕೆ ಸಾಲಗಳನ್ನು ಕೊಳ್ಳುತ್ತಿದ್ದನೆಂದು ನನಗೆ ಆಗ ತಿಳಿಯಿತು. ತಿಳಿದೂ, ಸುಮ್ಮನೆ ಹೋಗಿ ಬಾ ಮಾವ ಎನ್ನಲಿಲ್ಲ. ಆಮೇಲೆ ಅವನು ಬೇರೆ ಮನೆಗಳಿಗೂ ಹೋಗುವುದನ್ನು ಬಿಟ್ಟ. ಸೋಮವಾರ ಎದ್ದು ಸ್ನಾನ ಮಾಡಿ, ರುಮಾಲು ಸುತ್ತಿ, ಕೋಣೆಯ ಮುಂದೆ ಕೂರುತ್ತಿದ್ದ. ಮಳೆಗಾಲ ಮುಗಿಯುವ ಮುಂಚೆ ತೀರಿಕೊಂಡ.

ಹನ್ನೊಂದನೆಯ ದಿನ ಈರಕ್ಕ ಮಾವನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದಳು. ಸಾವಿನ ಸುದ್ದಿ ಅವಳಿಗೆ ತಲುಪಿರಲಿಲ್ಲ. ತಾನು ಕೊಡಿಸಿದ ನೋಟೀಸಿನ ವಿಷಯವನ್ನು ಮಗ ಹೋದ ವಾರವಷ್ಟೇ ಬಾಯಿಬಿಟ್ಟನಂತೆ. ಅವಳು ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದಳು. ರೊಳ್ಳದ ಬರಹಗಾರನಿಂದ ಹೊಸದಾಗಿ ಬರೆಸಿದ ಪ್ರೋನೋಟು, ಸ್ಟಾಂಪಿನ ಮೇಲೆ ಅವಳ ಹೆಬ್ಬೆಟ್ಟು. ವಾಯಿದೆ ತೀರಿದ ಸಾಲವನ್ನು ಕೊಡುತ್ತೇನೆಂದು ಯಾರಾದರೂ ಹೊಸದಾಗಿ ಬರೆದುಕೊಟ್ಟರೆ ಅದಕ್ಕೆ ಮತ್ತೆ ಜೀವ ಬರುತ್ತದೆ. ಕಾನೂನಿನ ಪ್ರಕಾರ ಅದು ಅಪ್ಪಟ ಕಾಗದ.

“ಇನ್ನು ಮೂರು ವರ್ಸ ಬರಬೋದಂತೆ,” ಎಂದಳು. “ಒಸಿ ಕರೆಯಪ್ಪಾ ನಮ್ಮಣ್ಣನ್ನ.”

ನಾನು ಹೇಳಿದೆ. ಅವಳು ಗೋಡೆಗೆ ಒರಗಿ ಕುಳಿತು ಅತ್ತಳು. ಹೊರಡುವಾಗ ಕಾಗದವನ್ನು ನನ್ನ ಕೈಗಿಟ್ಟು, “ನೀನಾದ್ರೂ ಬಾ,” ಎಂದಳು.

ನೋಟೀಸು ಬರೆದವನು ನಾನೇ ಎಂದು ಅವಳಿಗೆ ಹೇಳಲಿಲ್ಲ. ರೊಳ್ಳಕ್ಕೆ ಹೋಗಲೂ ಇಲ್ಲ. ಇವತ್ತು, ಮುಂದಿನ ವಾರ ಎನ್ನುತ್ತಲೇ ಆ ಮೂರು ವರ್ಷವೂ ತುಂಬಿಹೋಯಿತು.